ರಾಣಿಯ ಕೆಮ್ಮು

ಕಾರ್ಬ್ಯುರೇಟರಿನ ಬಾಯಿಗೆ ಯಾರೋ ಬಟ್ಟೆ ತುರುಕಿದ್ದರು.

ವಾಚ್ ರಿಪೇರಿಯವನು ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎಳೆದು ತೆಗೆದ. ಪೆಟ್ರೋಲಿನಲ್ಲಿ ನೆಂದು ಲೋಳೆಯಾಗಿದ್ದ ಹತ್ತಿ ಬಟ್ಟೆ. ಒಗೆದೊಗೆದು ಮೆತ್ತಗಾದದ್ದು, ಅಚ್ಚುಕಟ್ಟಾಗಿ ಮಡಚಿ ಇಟ್ಟದ್ದು. ರಾಣಿ ಬೆಳಗಿನಿಂದ ಬರೀ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿದ್ದುದು ಇದಕ್ಕೆ. ಗಾಳಿಯೇ ಸಿಗದಿದ್ದರೆ ಎಂಜಿನ್ ಹೇಗೆ ಉಸಿರಾಡೀತು?

"ಥೂ, ಎಂಥ ಕೊಳಕು ಕೈ!" ಎಂದು ಬಟ್ಟೆಯನ್ನು ಮೂಲೆಗೆಸೆದ.

ರಾಣಿ ಎಂದರೆ ಅವನ ಹಳೇ ಕಾರು. ಮುಚ್ಚಿಹೋದ ಹೋಟೆಲೊಂದರ ಹಿತ್ತಲಿನಲ್ಲಿ ಕೋಳಿಗೂಡಾಗಿ ಬಿದ್ದಿದ್ದುದನ್ನು ತಂದು, ಸೀಟಿನ ಮೇಲಿನ ಹಿಕ್ಕೆ ಕೆರೆದು, ಮನೆ ಪಕ್ಕದ ಶೆಡ್ಡಿನಲ್ಲಿ ಬೋಲ್ಟು ಬೋಲ್ಟೂ ಬಿಚ್ಚಿ ಜೀವ ತುಂಬಿದ್ದ. ಈಗೀಗ ವಾಚು ಕಟ್ಟುವವರೇ ಕಡಿಮೆ. ಕಟ್ಟುವವರೂ ಎದುರು ಬೀದಿಯ ಹೊಸ ಅಂಗಡಿಗೆ ಹೋಗುತ್ತಿದ್ದರು. ಮಾತು ಕೇಳುವುದಕ್ಕೆ ಅವನಿಗೆ ಉಳಿದವಳು ರಾಣಿಯೊಬ್ಬಳೇ.

ಹೆಂಡತಿ ಮೂಗು ಮುಚ್ಚಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ಸರಿಹೋಯ್ತಾ?"

"ಹೋಗದೆ ಏನು? ಬಾ, ಒಂದು ರೌಂಡ್ ಹೋಗಿಬರೋಣ."

"ಬೇಡ. ಆ ವಾಸನೆ ನನಗಾಗಲ್ಲ."

"ಪೆಟ್ರೋಲ್ ಅಂದ್ಮೇಲೆ ವಾಸನೆ ಇದ್ದೇ ಇರುತ್ತೆ."

ಅವಳು ಒಳಗೆ ಹೋದಳು. ಅಷ್ಟರಲ್ಲಿ ಸಂಜೆಯಾಗಿತ್ತು. ಅವನಿಗೂ ಉತ್ಸಾಹ ಇಳಿದಿತ್ತು. ರೌಂಡು ಮುಂದಕ್ಕೆ ಹೋಯಿತು.

ಮುಂದಿನ ಭಾನುವಾರ ರಾಣಿ ಕೆಮ್ಮಲಿಲ್ಲ, ಢಮಾರ್ ಎಂದಳು. ಪಕ್ಕದ ಮನೆಯ ನಾಯಿ ಬಾಲ ಮುದುರಿಕೊಂಡು ಓಡಿತು. ನೋಡಿದರೆ ಪ್ಲಗ್ಗಿನ ವೈರುಗಳು ಅದಲುಬದಲು. ಅದರ ಮುಂದಿನ ವಾರ ಸದ್ದೂ ಇಲ್ಲ, ಕಿಡಿಯೂ ಇಲ್ಲ. ಕಿಡಿಗೆ ಕಾರಣವಾದ ಪಾಯಿಂಟುಗಳ ಮೇಲೆ ಯಾರೋ ಬಣ್ಣವಿಲ್ಲದ ಪಾಲಿಶನ್ನು ತೆಳ್ಳಗೆ, ನಾಜೂಕಾಗಿ ಬಳಿದಿದ್ದರು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಧ ದಿನ ಹಾಳಾಯಿತು. ಮರಳುಕಾಗದದಲ್ಲಿ ಉಜ್ಜುವಾಗ ಕೈ ನಡುಗಿತು. ಸಿಟ್ಟು ಬಂದರೆ ಅವನ ಕೈ ಹಾಗೆಯೇ. ಪಕ್ಕದಲ್ಲಿದ್ದ ಸ್ಟೀಲ್ ಲೋಟದಿಂದ ಒಂದು ಗುಟುಕು ಇಳಿಸಿ ಸಮಾಧಾನ ತಂದುಕೊಂಡ.

ಅನುಮಾನವಿದ್ದುದು ಒಬ್ಬನ ಮೇಲೆ. ಮಹಡಿಯಲ್ಲಿದ್ದ ಹೆಂಡತಿಯ ತಮ್ಮ. ಸದಾ ಗರಿಗರಿ ಷರ್ಟು ತೊಡುವ ಅವನಿಗೆ ಇವನಿಟ್ಟ ಹೆಸರು ಇಸ್ತ್ರಿ. ಕಳೆದ ವರ್ಷ ಬ್ರೇಕ್ ಕೈಕೊಟ್ಟು ರಾಣಿ ತಿರುವಿನ ಗೋಡೆಗೆ ಗುದ್ದಿ, ಪಕ್ಕದಲ್ಲಿ ಕೂತಿದ್ದ ಮಗಳ ಭುಜದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಎಲ್ಲರೆದುರು "ಈ ಗಾಡಿ ಮಾರಿಬಿಡಿ ಭಾವ" ಎಂದವನು ಅವನೇ. ಆಮೇಲೆ ಬ್ರೇಕ್ ಬಿಚ್ಚಿ ನೋಡಿದರೆ ಏನೂ ದೋಷ ಸಿಗಲಿಲ್ಲ. ಹಳೇ ಗಾಡಿಗಳ ಮಾಯೆಯೇ ಹಾಗೆ. ಮೂಳೆ ಕೂಡಿತು. ಕಾಲೇಜು ಮುಗಿಸಿದ ಮಗಳು ಮಾತ್ರ ಕೆಲಸಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದಳು.

ಊಟದ ಹೊತ್ತಿಗೆ ಅವನು ಕೂಗಾಡಿದ. "ಒಂದೇ ಸೂರಿನಡಿ ಇದ್ದುಕೊಂಡು, ಹಲ್ಲಿ ಹಾಗೆ ಸಂದಿಯಲ್ಲಿ ಹರಿದಾಡಿ ಕೈ ಹಾಕೋನು ಮನುಷ್ಯನಾ? ನೆನೆಸಿಕೊಂಡ್ರೆ ವಾಕರಿಕೆ ಬರುತ್ತೆ!"

ಮಗಳು ತಟ್ಟೆ ಬಿಟ್ಟು ಎದ್ದಳು.

"ಕೈ ಹಾಕಿದೋರಿಗೂ ಸಂಕಟ ಇರುತ್ತಪ್ಪ," ಎಂದಳು ಮೂಲೆಯಲ್ಲಿ ಕೂತಿದ್ದ ಅವನ ಅಮ್ಮ.

"ನಿನಗೆ ಎಲ್ಲರ ಮೇಲೂ ಕನಿಕರ!"

ಬರುವ ಭಾನುವಾರ ಹಳೇ ಕಾರುಗಳ ಮೆರವಣಿಗೆ ಇತ್ತು. ಹೆದ್ದಾರಿಯಲ್ಲಿ ದೂರದ ಓಟ. ವಾರವೆಲ್ಲ ಕಿವಿಯನ್ನು ಬಾನೆಟ್ಟಿಗೆ ಆನಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ ಹದ ಮಾಡಿದ. ಶನಿವಾರ ಸಂಜೆ ರಾಣಿ ಹಸುಗೂಸು ನಿದ್ದೆಯಲ್ಲಿ ಉಸಿರಾಡುವಂತೆ ಓಡಿದಳು. ಅವನ ಕಣ್ಣು ತುಂಬಿತು.

ಭಾನುವಾರ ಬೆಳಿಗ್ಗೆ "ಪೆಟ್ರೋಲ್ ತರ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕ್ಯಾನು ಹಿಡಿದು ಹೊರಟ. ಬೀದಿ ಸುತ್ತಿ, ಶೆಡ್ಡಿನ ಹಿಂದಿನ ಕಿಟಕಿಯ ಕೆಳಗೆ, ಚರಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ನಾತಕ್ಕೆ ತಲೆ ಸುತ್ತಿತು. ನೊಣಗಳು ತುಟಿಯ ಮೇಲೇ ಬಂದು ಕೂತವು. ಅವನು ಅಲ್ಲಾಡಲಿಲ್ಲ.

ಇಸ್ತ್ರಿ ಬಂದ. ಬಾನೆಟ್ ಎತ್ತಿದ. ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಹೆಬ್ಬೆಟ್ಟಿನಷ್ಟು ಸಾಮಾನು. ಅದಿಲ್ಲದೆ ರಾಣಿ ಬರೀ ತಗಡು.

"ಸಿಕ್ಕಿಬಿದ್ದೆಯಾ, ಹೇಸಿಗೆ ಹುಳು!"

ಸುತ್ತಿ ಒಳನುಗ್ಗಿದವನು ಅವನ ಕಾಲರ್ ಹಿಡಿದು ಅಂಗಳಕ್ಕೆ ಎಳೆತಂದ. ಗರಿಗರಿ ಷರ್ಟಿಗೆ ಗ್ರೀಸು ಮೆತ್ತಿತು. "ಬನ್ನಿ ಎಲ್ಲರೂ! ಈ ಮಹಾಶಯನ ಯೋಗ್ಯತೆ ನೋಡಿ ಬನ್ನಿ!"

ಎಲ್ಲರೂ ಬಂದರು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ.

"ಕಾಲರ್ ಬಿಡಿ ಭಾವ," ಎಂದ ಇಸ್ತ್ರಿ. "ಇವತ್ತು ನನ್ನ ಸರದಿ ಅಷ್ಟೇ."

"ಸರದಿ? ಏನು ಸರದಿ?"

"ಬಟ್ಟೆ ತುರುಕಿದ್ದು ನಾನು ಕಣೋ," ಎಂದಳು ಅಮ್ಮ. ಮಗಳು ನೆಲ ನೋಡುತ್ತ, "ನೇಲ್ ಪಾಲಿಶ್ ನಂದು," ಎಂದಳು.

ಅವನ ಹಿಡಿತ ಸಡಿಲವಾಯಿತು. ಹೆಂಡತಿ ತೀರ ಹತ್ತಿರ ಬಂದು, ಅವನ ಉಸಿರು ತಾಗಿದ್ದೇ ಮುಖ ಕಿವುಚಿದಳು.

"ವೈರು ಬದಲಿಸಿದ್ದು ನಾನು. ಒಂದೇ ಒಂದು ದಿನ ಕುಡಿಯದೆ ಬಂದು ಕೀಲಿ ಕೇಳಿ," ಎಂದಳು. "ಆವತ್ತು ನಾನೇ ಸ್ಟಾರ್ಟ್ ಮಾಡಿಕೊಡ್ತೀನಿ."