ಮರೆವಿಗೊಂದು ಗುಳಿಗೆ

ಬೆನ್ನುನೋವಿನ ಗುಳಿಗೆಯ ಖಾಲಿ ಪಟ್ಟಿಗಳನ್ನು ಆರೋಗ್ಯ ಕೇಂದ್ರದ ನರ್ಸ್ ಜಯಶ್ರೀಯ ಮುಂದಿಟ್ಟ ಸುಂದರವ್ವ, ಇವುಗಳ ಜೊತೆ ಮರೆವಿಗೂ ಒಂದು ಗುಳಿಗೆ ಕೊಡಿ ಎಂದು ಕೇಳಿದಳು. ತಿಂಗಳಿಗೆಂದು ಕೊಟ್ಟ ಮೂವತ್ತು ಗುಳಿಗೆ ಹನ್ನೆರಡೇ ದಿನಕ್ಕೆ ಮುಗಿದಿದ್ದವು. ತಗೊಂಡದ್ದು ಮರೆತು ತಾನೇ ಮತ್ತೆ ಮತ್ತೆ ನುಂಗುತ್ತಿದ್ದೇನೆಂದು ಅವಳು ನಂಬಿದ್ದಳು.

ಅದೆಂಥ ಮರೆವೋ ಅವಳಿಗೇ ಬಗೆಹರಿಯದು. ಗುಳೇದಗುಡ್ಡದಲ್ಲಿ ನಲವತ್ತು ವರ್ಷ ರವಿಕೆಯ ಖಣ ನೇಯ್ದವಳು. ಮಗ್ಗದಲ್ಲಿ ಒಂದೆಳೆ ಹರಿದರೂ ಕಣ್ಣು ಮುಚ್ಚಿ ಹುಡುಕಿ ಕಟ್ಟುವವಳು. ಅಂಥವಳಿಗೆ ಬೆಳಿಗ್ಗೆ ನುಂಗಿದ ಗುಳಿಗೆ ಮಧ್ಯಾಹ್ನಕ್ಕೆ ನೆನಪಿಲ್ಲವೆಂದರೆ? ತಲೆ ಕೆಡುತ್ತಿದೆಯೇನೋ ಎಂದು ಹೆದರಿದ್ದಳು.

"ಮೂವತ್ತೂ ನೀವ ತಗೊಂಡಿದ್ರ ಹಿಂಗ ಕುಂದ್ರಾಕ ಆಗ್ತಿರಲಿಲ್ಲ, ತೂಕಡಸ್ತಿದ್ರಿ," ಎಂದಳು ಜಯಶ್ರೀ. "ತಗೊಂಡೇನಿ ಅಂತ ನಿಮಗ ಹೆಂಗ ಗೊತ್ತಾತು?"

"ನಮ್ಮ ಯುವರಾಜ ಹೇಳ್ತಾನ್ರಿ ಬಾಯಾರ. ಗುಳಿಗಿ ಡಬ್ಬಿ ತೆಗದ ಕೂಡ್ಲೆ, ಈಗರ ತಗೊಂಡ್ಯಲ್ಲಬೇ ಅಂತಾನ."

ಹೇಳುವಾಗ ಅವಳಿಗೆ ಹೆಮ್ಮೆಯೇ. ಹತ್ತೊಂಬತ್ತರ ಮಗ ತಾಯಿಯ ಮೇಲೆ ಇಷ್ಟು ನಿಗಾ ಇಡುವುದು ಯಾರ ಮನೆಯಲ್ಲಿದೆ?

ಜಯಶ್ರೀ ಪೆನ್ನು ಕೆಳಗಿಟ್ಟಳು. ಯುವರಾಜ ಹಗಲು ಮಲಗುತ್ತಾನೆಯೇ, ಎಬ್ಬಿಸಿದರೆ ಬೇಗ ಏಳುತ್ತಾನೆಯೇ, ಊಟ ಹೇಗಿದೆ ಎಂದು ಮೆಲ್ಲಗೆ ಕೇಳುತ್ತ ಹೋದಳು. ಹಗಲೆಲ್ಲ ಮಲಗುತ್ತಾನೆ, ಎಬ್ಬಿಸಿದರೆ ಬೇಗ ಏಳುವುದಿಲ್ಲ, ಊಟ ಅರ್ಧಕ್ಕೇ ಬಿಡುತ್ತಾನೆ ಎನ್ನುತ್ತ ಹೋದ ಸುಂದರವ್ವ ನಡುವೆಯೇ ತಡೆದಳು.

"ಇಲ್ರಿ ಬಾಯಾರ, ನನಗ ಮರವು ಐತಿ. ಹಂಗ ಬರಕೋರಿ."

ಜಯಶ್ರೀ ಬರೆಯಲಿಲ್ಲ. ಈ ಗುಳಿಗೆ ಮಿತಿಮೀರಿದರೆ ನಿದ್ದೆಯಲ್ಲೇ ಉಸಿರು ನಿಲ್ಲುತ್ತದೆ, ಯುವರಾಜ ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ 108ಕ್ಕೆ ಫೋನು ಮಾಡಿಸಿ ಎಂದಳು. "ಎದ್ರ ಬೈಬ್ಯಾಡ್ರಿ. ಎಷ್ಟ ತಗೊಂಡಾನ ಅಷ್ಟ ಕೇಳಿ ಕರಕೊಂಡ ಬರ್ರಿ. ನಾ ಇಲ್ಲೇ ಇರ್ತೇನಿ."

ಸುಂದರವ್ವ ಹೇಗೆ ಮನೆ ಮುಟ್ಟಿದಳೋ. ದಾರಿಯುದ್ದಕ್ಕೂ, ಮರೆವು ತನ್ನದೇ ಆಗಿರಲಿ ಎಂದು ಬೇಡಿಕೊಂಡಳು.

ಯುವರಾಜ ಮಗ್ಗದ ಪಕ್ಕ ಅಂಗಾತ ಬಿದ್ದಿದ್ದ. ಅವಳು ಎದೆಯ ಮೇಲೆ ಕೈಯಿಟ್ಟು ಕಾದಳು. ಎದೆ ಏರಿತು, ಇಳಿಯಿತು. ಹೆಸರು ಹಿಡಿದು ಅಲುಗಾಡಿಸಿದಾಗ ಸಣ್ಣಗೆ ನರಳಿದ. ಹೋದ ಜೀವ ಬಂದಂತಾಯಿತು. ಆದರೂ ಮರೆವು ತನ್ನದೋ ಅಲ್ಲವೋ ಎಂಬ ಒಂದು ಅನುಮಾನ ಉಳಿದಿತ್ತು. ಗೋಡೆಯ ಗೂಡಿನಲ್ಲಿದ್ದ ಗುಳಿಗೆಯ ಖಾಲಿ ಡಬ್ಬಿಯನ್ನು ತಂದು ಮುಚ್ಚಳ ತೆಗೆದಳು.

ಸಪ್ಪಳಕ್ಕೆ ಅವನು ಅರೆಗಣ್ಣಿನಲ್ಲೇ ಹೇಳಿದ: "ಈಗರ ತಗೊಂಡ್ಯಲ್ಲಬೇ."

ಸುಂದರವ್ವ ಡಬ್ಬಿಯನ್ನು ಅವನ ಕೈಗಿಟ್ಟಳು.

"ನಾ ತಗೊಂಡಿಲ್ಲೋ ಮಗನ. ನೀ ಎಷ್ಟ ತಗೊಂಡಿ?"