ಅವರವರ ಚೀಲ

ಅವರವರ ಚೀಲ ಅವರವರ ಬೆನ್ನಿಗೆ. ಹದಿನೈದು ವರ್ಷಗಳಿಂದ ಬೆಟ್ಟ ಸುತ್ತುತ್ತಿದ್ದ ಆ ಮೂವರು ಗೆಳೆಯರಿಗೆ ಇದ್ದದ್ದು ಅದೊಂದೇ ಕಟ್ಟಳೆ. ಎಲ್ಲರ ಚೀಲ ತುಂಬಿ ಕಟ್ಟುವುದು, ಸಂಜೆ ಬಿಚ್ಚುವುದು ಕಾವೇರಪ್ಪ ಮತ್ತು ಫಕ್ರುವಿನ ಕೆಲಸ. ಸೌದೆ ಆಯುವುದು, ಪಾತ್ರೆ ತೊಳೆಯುವುದು ವಾಮನನ ಪಾಲು. ಕಾಯಿಲೆ ಬಿದ್ದ ಮೇಲೂ ವಾಮನ ಕಟ್ಟಳೆ ಮುರಿಯಲು ಒಪ್ಪಿರಲಿಲ್ಲ.

ಈ ಸಲ ಬೆಟ್ಟ ಹತ್ತುವಾಗ ಮೊದಲ ದಿನ ನೂರು ಹೆಜ್ಜೆಗೊಮ್ಮೆ ಕೂತಿದ್ದ. ಐದನೆಯ ದಿನ, ಕೊನೆಯ ಏರಿನಲ್ಲಿ, ಅವನೇ ಎಲ್ಲರಿಗಿಂತ ಮುಂದಿದ್ದ.

“ಏನ್ರೋ, ಇಬ್ಬರೂ ಹಿಂಗೆ ಏದುಸಿರು ಬಿಡ್ತಿದೀರಿ?”

“ವಯಸ್ಸಾಯ್ತು ಮಾರಾಯ,” ಎಂದ ಫಕ್ರು.

“ನನಗೆ ಮಾತ್ರ ದಿನದಿನಕ್ಕೆ ಹಗುರ ಅನ್ನಿಸ್ತಿದೆ. ಔಷಧಿ ನಾಟಿದೆ ಕಣ್ರೋ. ಡಾಕ್ಟರ್ ಕೊಟ್ಟ ಆರು ತಿಂಗಳ ಗಡುವು ಸುಳ್ಳು.”

ಬೂಟಿನ ದಾರ ಕಟ್ಟಲು ಬಗ್ಗಿದ ಕಾವೇರಪ್ಪ ಬಹಳ ಹೊತ್ತು ತಲೆ ಎತ್ತಲಿಲ್ಲ.

ಮರುದಿನ ಕೆಳಗಿಳಿದು ಬಸ್ ನಿಲ್ದಾಣ ಸೇರಿದಾಗ ಮೊಬೈಲಿಗೆ ಸಿಗ್ನಲ್ ಸಿಕ್ಕಿತು. ಗೆಳೆಯರು ಟೀ ತರಲು ಹೋದರು. ವಾಮನ ಹೆಂಡತಿಗೆ ಫೋನ್ ಮಾಡಿದ.

“ಆರು ದಿನವೂ ನನ್ನ ಚೀಲ ನಾನೇ ಹೊತ್ತೆ, ಗೊತ್ತಾ?”

ಆ ಕಡೆ ಅವಳು ಬಿಕ್ಕಿದಳು. “ನಿಜವಾಗ್ಲೂ? ಅಷ್ಟು ಭಾರ ಹೊತ್ರಾ?”

ಮಾತಾಡುತ್ತಲೇ ಬಿಸಿಲಿಗೆಂದು ಟೋಪಿ ಹುಡುಕಲು ಅವನು ಚೀಲದ ಬಾಯಿ ಬಿಚ್ಚಿದ. ಒಳಗೆ ಅವನು ಹೊರಬೇಕಿದ್ದ ಟೆಂಟಿನ ಬಟ್ಟೆ ಇರಲಿಲ್ಲ, ಅಕ್ಕಿ ಇರಲಿಲ್ಲ. ತಳದವರೆಗೂ ಒಣಹುಲ್ಲು ತುರುಕಿದ್ದರು. ಟೀ ಅಂಗಡಿಯ ಮುಂದೆ ಗೆಳೆಯರಿಬ್ಬರೂ ಹೆಗಲು ನೀವಿಕೊಳ್ಳುತ್ತಾ ನಿಂತಿದ್ದರು.

“ಹ್ಞೂಂ ಕಣೆ,” ಎಂದ ವಾಮನ. “ತುಂಬಾ ಭಾರ.”