ಸೀರೆಯ ಬದಲಿಗೆ ಸೂಜಿ

"ಈ ಸಲ ಪಂಚಮಿಗೆ ಸೀರಿ ಇಲ್ಲ" ಎಂದ ಈಶ್ವರ್, ಅಕ್ಕಿ ಹಸನು ಮಾಡುತ್ತಿದ್ದ ಹೆಂಗಸರ ಎದುರಿಗೆ ಬಂದು ನಿಂತು. ಕಂಪ್ಲಿಯ ಆ ರೈಸ್ ಮಿಲ್ಲು ಈಗ ಅವನದು. "ಅದರ ಬದಲಿ ನಿಮಗೆಲ್ಲ ಕೊರೊನಾ ಬೂಸ್ಟರ್ ಸೂಜಿ ಹಾಕಸ್ತೀನಿ. ನಮ್ಮ ಮನಿಯೋರು ಹೊಸಪೇಟಿ ಪ್ರೈವೇಟ್ ಆಸ್ಪತ್ರ್ಯಾಗ ಹಾಕಿಸ್ಕೊಂಡು ಬಂದ್ವಿ. ತಲಿಗೆ ನಾನೂರರ ಹತ್ತಿರ ಆತು. ನಿಮಗೂ ಅದನ್ನ ಹಾಕಸ್ತೀನಿ."

ಮೊರಗಳು ನಿಂತವು. "ನಾನೂರು ಕೊಟ್ಟು ಜ್ವರ ಕೊಂಡ್ಕಳಾದೇನ್ರಿ?" ಎಂದಳು ಹೇಮಾವತಿ. "ಪುಕ್ಕಟ ಹಾಕಿಸ್ಕೊಂಡಾಗ್ಲೇ ಮೈ ಕೈ ಹಿಡಕೊಂಡು ಮಲಗಿದ್ದೆ. ನನಗ ಸೀರೀನ ಕೊಡ್ರಿ, ಅದನ್ನ ಹೊದ್ಕೊಂಡು ಮಲಗ್ತೀನಿ." ಎಲ್ಲರೂ ನಕ್ಕರು.

ಜಂಬವ್ವ ನಗಲಿಲ್ಲ. ಪಂಚಮಿಗೆ ಸೀರೆ ಕೊಡುವುದನ್ನು ಶುರು ಮಾಡಿದವರು ಈಶ್ವರನ ಅಪ್ಪ ಕೊಟ್ರಯ್ಯನವರು. ಮಿಲ್ಲು ನಿಮಗೆ ತವರಿದ್ದಂತೆ ಎಂದು ಪ್ರತಿಯೊಬ್ಬಳ ಉಡಿಗೂ ತಾವೇ ಹಾಕುತ್ತಿದ್ದರು. ಉಳಿದವರಿಗೆ ಹಬ್ಬಕ್ಕೆ ಅಣ್ಣತಮ್ಮಂದಿರು ತರುವ ಸೀರೆಯೂ ಇರುತ್ತಿತ್ತು. ಜಂಬವ್ವನ ಒಬ್ಬನೇ ತಮ್ಮ ಗಾದಿಲಿಂಗ ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದ. ಆಸ್ಪತ್ರೆಯವರು ಮುಖವನ್ನೂ ತೋರಿಸಿರಲಿಲ್ಲ. ಆಮೇಲೆ ತವರಿನದೆಂದು ಅವಳು ಉಡುತ್ತಿದ್ದದ್ದು ಮಿಲ್ಲಿನ ಈ ಸೀರೆಯೊಂದನ್ನೇ.

ಆದರೂ ಅವಳೇ ಮೊದಲು ಎದ್ದು ನಿಂತಳು. "ಸೀರಿ ಬ್ಯಾಡ್ರಿ ಸಾವ್ಕಾರ್ರ, ಸೂಜಿ ಹಾಕಿಸ್ರಿ" ಎಂದಳು. ಹೇಮಾವತಿಯ ಕಡೆ ತಿರುಗಿ, "ಲೇ ಹೇಮಿ, ಸೀರಿ ಹರಿದ್ರ ತ್ಯಾಪಿ ಹಾಕ್ಕೊಂಡು ಉಡಬಹುದು. ನನ್ನ ತಮ್ಮ ಸಾಯೋ ಹೊತ್ತಿನ್ಯಾಗ ಮನ್ಯಾಗಿನ ಸೀರಿ ಎಲ್ಲಾ ಮಾರತೀನಿ ಅಂದ್ರೂ ಒಂದು ಸೂಜಿ ಸಿಕ್ಕಿರಲಿಲ್ಲ. ಬಾಯಿ ಮುಚ್ಚಿಕೊಂಡು ಹೂಂ ಅನ್ನು" ಎಂದಳು. ಗೊಣಗುತ್ತಿದ್ದವರೆಲ್ಲ ಅವಳ ಮಾತಿಗೆ ಒಪ್ಪಿದರು. ಈಶ್ವರ್ ಖುಷಿಯಿಂದ, "ನೋಡ್ರಿ, ಜಂಬಕ್ಕಗಿರೋ ತಿಳಿವಳಿಕಿ ನಿಮಗ್ಯಾರಿಗೂ ಇಲ್ಲ" ಎಂದು ಹೋದ.

ಹಬ್ಬ ಹತ್ತಿರ ಬಂದಾಗ ಗೋದಾಮಿನ ಮುಂದೆ ಶಾಮಿಯಾನ ಎದ್ದಿತು. ಈಶ್ವರನ ಫೋಟೋ ಇದ್ದ ಬ್ಯಾನರಿನಲ್ಲಿ 'ಕಾರ್ಮಿಕ ತಂಗಿಯರಿಗೆ ಪಂಚಮಿ ಕೊಡುಗೆ' ಎಂದು ಬರೆಸಿದ್ದರು. ಒಬ್ಬ ನರ್ಸಮ್ಮ ನೀಲಿ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ಮೊದಲು ಜಂಬವ್ವನೇ ಹೋಗಿ ಕುಪ್ಪಸದ ತೋಳು ಮೇಲೇರಿಸಿದಳು. ಈಶ್ವರ್ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

"ಹಗೂರಕ ಚುಚ್ಚವ್ವ. ಇದರಾಗ ನನ್ನ ಒಂದು ಸೀರಿ ಐತಿ" ಎಂದಳು ಜಂಬವ್ವ.

"ಎಂಥಾ ಸೀರಿ?"

"ಈ ವರ್ಷದ ಹಬ್ಬದ್ದು. ಸೂಜಿಗೆ ರೊಕ್ಕ ಕಟ್ಟಿದಾರಂತ, ಅದಕ್ಕ ಸೀರಿ ಬ್ಯಾಡ ಅಂದ್ವಿ."

ನರ್ಸಮ್ಮ ಸೂಜಿ ತೆಗೆದು ಹತ್ತಿ ಒತ್ತಿದಳು. "ಯಾರಿಗೆ ಕಟ್ಟಿದಾರ? ಮೊದಲು ನಿಮ್ಮ ವಯಸ್ಸಿನೋರು ಪ್ರೈವೇಟಿಗೆ ಹೋಗಿ ದುಡ್ಡು ಕೊಡಬೇಕಿತ್ತು. ಈಗ ಸರ್ಕಾರದಿಂದ ಎಲ್ಲರಿಗೂ ಫ್ರೀ ಆಗೇತಿ. ಬರ್ರಿ ಅಂತ ಫೋನ್ ಮಾಡಿದ್ರು, ಬಂದ್ವಿ. ಒಂದು ಪೈಸಾ ಇಲ್ಲ."

ಸಾಲಿನಲ್ಲಿದ್ದವರಿಗೆಲ್ಲ ಅದು ಕೇಳಿಸಿತು. ಈಶ್ವರ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಸೂಜಿ ಫ್ರೀ ಇರಬಹುದು. ಶಾಮಿಯಾನ ಯಾರು ಹಾಕ್ಸಿದ್ದು? ಚಹಾ, ಬಿಸ್ಕೀಟು ಯಾರ್ದು? ಅರ್ಧ ದಿನ ಮಿಲ್ಲು ನಿಲ್ಸೀನಿ. ಇದೆಲ್ಲ ಲೆಕ್ಕಕ್ಕಿಲ್ಲೇನು?"

ಯಾರೂ ಅವನ ಕಡೆ ನೋಡಲಿಲ್ಲ. ಎಲ್ಲರೂ ಜಂಬವ್ವನನ್ನು ನೋಡುತ್ತಿದ್ದರು. "ನಾನೂರಕ್ಕೂ ಅಲ್ಲ ಜಂಬಕ್ಕ" ಎಂದಳು ಹೇಮಾವತಿ ಮೆಲ್ಲಗೆ. "ಬಿಸ್ಕೀಟಿಗೆ ಮಾರಿದಿ ನಮ್ಮ ಸೀರಿ." ಜಂಬವ್ವ ಹತ್ತಿ ಹಿಡಿದುಕೊಂಡೇ ಎದ್ದು ಹೋದಳು. ಚಹಾ ಮುಟ್ಟಲಿಲ್ಲ. ರಾತ್ರಿ ತೋಳು ಬಾತಿತು. ಕಣ್ಣು ಮುಚ್ಚಿದರೆ ತನ್ನ ಬಾಯಿಂದಲೇ ಬಂದ ಮಾತು ಕೇಳಿಸುತ್ತಿತ್ತು: ಸೀರಿ ಬ್ಯಾಡ್ರಿ ಸಾವ್ಕಾರ್ರ.

ಪಂಚಮಿಯ ದಿನ ಮಿಲ್ಲಿನ ಹಿಂದಿನ ಬೇವಿನ ಕಟ್ಟೆಯ ನಾಗರಕಲ್ಲಿಗೆ ಹಾಲೆರೆಯಲು ಎಲ್ಲರೂ ಸೇರಿದರು. ಎಲ್ಲರ ಮೈಮೇಲೂ ಹಳೆಯ ಸೀರೆಗಳು. ಹಿರಿಯಳಾದ ಜಂಬವ್ವ ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿ ಒಬ್ಬೊಬ್ಬರ ಹೆಸರಲ್ಲಿ ಎರೆಯಬೇಕು, ಉಳಿದವರು ಅವಳ ಹಿಂದೆ ಹೇಳಬೇಕು. ಮನೆಯವರದೆಲ್ಲ ಆದ ಮೇಲೆ ಸಾವ್ಕಾರರ ಪಾಲು. ಕೊಟ್ರಯ್ಯನವರ ಕಾಲದಿಂದಲೂ ಅದು ತಪ್ಪಿರಲಿಲ್ಲ. ಆ ಪಾಲು ಬೀಳುವವರೆಗೆ ಮಿಲ್ಲಿನ ಯಜಮಾನ ಅಲ್ಲೇ ಕೈಮುಗಿದು ನಿಂತಿರಬೇಕು. ಈಶ್ವರ್ ಬಿಳಿ ಅಂಗಿ ತೊಟ್ಟು ನಿಂತಿದ್ದ.

"ದೇವರ ಪಾಲು. ಅವ್ವನ ಪಾಲು. ಅಪ್ಪನ ಪಾಲು. ತಮ್ಮನ ಪಾಲು." ತಮ್ಮನದಕ್ಕೆ ಹಾಲು ತುಸು ಹೆಚ್ಚೇ ಬಿತ್ತು. ಜಂಬವ್ವ ಮತ್ತೆ ಬಟ್ಟಲು ತುಂಬಿದಳು.

"ಸೂಜಿ ಹಾಕಿದ ನರ್ಸಮ್ಮನ ಪಾಲು" ಎಂದಳು.

ಹೇಮಾವತಿ ಅದನ್ನೇ ಹೇಳಿದಳು. ಅವಳ ಹಿಂದೆ ಎಲ್ಲರೂ ಹೇಳಿದರು. ಜಂಬವ್ವ ಬಟ್ಟಲನ್ನು ಕಲ್ಲಿನ ಮುಂದೆ ಬೋರಲು ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಚೆಂಬಿನಲ್ಲಿ ಇನ್ನೂ ಹಾಲಿತ್ತು.

ಈಶ್ವರ್ ನಗಲು ನೋಡಿದ. "ಜಂಬಕ್ಕ, ನನ್ನ ಪಾಲು ಮರೆತ್ಯಲ್ಲ."

"ಮರೆತಿಲ್ರಿ ಸಾವ್ಕಾರ್ರ" ಎಂದಳು ಅವಳು ಚೆಂಬನ್ನು ಸೊಂಟಕ್ಕೇರಿಸುತ್ತ. "ನಿಮ್ಮ ಪಾಲು ಸರ್ಕಾರಿ ದವಾಖಾನ್ಯಾಗ ಐತಿ. ಹೋಗಿ ಕೇಳ್ರಿ, ಪುಕ್ಕಟ ಕೊಡ್ತಾರ."